ಎಸ್160: ಅವಸರದ ಎಂಜಿನ್, ಅಪಾಯದ ವಾಲ್ವ್

1942ರಲ್ಲಿ ಅಮೆರಿಕದ ಸೇನೆಗಾಗಿ ಆಲ್ಕೋ, ಬಾಲ್ಡ್‌ವಿನ್, ಲೈಮಾ ಕಾರ್ಖಾನೆಗಳು ಕಟ್ಟತೊಡಗಿದ ಎಸ್160 ಎಂಬ ಹಬೆಯ ಗೂಡ್ಸ್ ರೈಲು ಎಂಜಿನ್‌ಗಳು ಒಟ್ಟು 2,000 ದಾಟಿದವು. ಮುಂದೆ 2 ಸಣ್ಣ ಚಕ್ರ, ಹಿಂದೆ 8 ಚಾಲಕ ಚಕ್ರ. ಬ್ರಿಟನ್ನಿನ ಇಕ್ಕಟ್ಟಾದ ಸುರಂಗಗಳಲ್ಲೂ ತೂರಲೆಂದು ಮೈಕಟ್ಟನ್ನು ಕುಗ್ಗಿಸಿದ್ದರು.

ನಿಜವಾದ ಕಂಟಕ ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆಯಲ್ಲಿತ್ತು. ಅದರ ಮೇಲಿನ ಹಬೆ ವಾಲ್ವ್ ಪೂರ್ತಿ ತೆರೆಯದಿದ್ದರೆ ನಳಿಗೆಯೊಳಗಿನ ಹಬೆ ತಣಿದು, ಒತ್ತಡ ಇಳಿದು, ನೀರು ಮೇಲೇರುತ್ತದೆ. ಬಾಯ್ಲರ್ ಬರಿದಾಗುತ್ತಿದ್ದರೂ ಗಾಜು ತುಂಬಿದಂತೆಯೇ ಕಾಣುತ್ತದೆ! ಆಗ ಬೆಂಕಿಗೂಡಿನ ಚಾವಣಿ ತಗಡು ನೀರಿಲ್ಲದೆ ಕಾದು ಮೆತ್ತಗಾಗಿ, ಅದನ್ನು ಹಿಡಿದ ತಿರುಪು ಸರಳುಗಳಿಂದ ಕಳಚಿ ಕುಸಿಯುತ್ತದೆ. 1942ರ ನವೆಂಬರಿನಲ್ಲಿ ಇಂಗ್ಲೆಂಡಿನ ಹನಿಬೋರ್ನ್ ಬಳಿ ಹೀಗೆಯೇ ಆಗಿ ಎಂಜಿನ್‌ನ ಬೆಂಕಿ ನೋಡಿಕೊಳ್ಳುವ ಫೈರ್‌ಮ್ಯಾನ್ ಒಬ್ಬ ಸತ್ತ. ಅವನನ್ನು ದೂರುವುದು ಅನ್ಯಾಯ.