ಫೋನಿನಲ್ಲಿ ಕೇಳಿದ ‘ಜಾಗ ಇಲ್ಲ’

ನಮ್ಮ ಕಂಪನಿಯ ಹತ್ತಿರ ಇದ್ದದ್ದು ನಾಲ್ಕೇ ಎಂಜಿನ್, ಅವೂ ಬಾಡಿಗೆಯವು. ಮಧ್ಯ ಯುರೋಪಿನ ಒಂದು ದೇಶದಲ್ಲಿ ಕಂಟೇನರ್ ಗೂಡ್ಸ್ ಗಾಡಿ ಓಡಿಸುವ ಸಣ್ಣ ಖಾಸಗಿ ಕಂಪನಿ. ಬಂದರಿನಿಂದ ಒಳನಾಡಿನ ಟರ್ಮಿನಲ್‌ಗೆ ವಾರಕ್ಕೆ ಮೂರು ಸಲ ಹೋಗಿಬರುವ ಗಾಡಿಯೇ ನಮ್ಮ ಅನ್ನ. ಹಳಿಯ ಮೇಲೆ ನಮ್ಮ ಗಾಡಿ ಓಡಲು ಸಮಯ ಕೇಳುವುದು, ಸಿಕ್ಕ ಸಮಯಕ್ಕೆ ಎಂಜಿನ್ನು, ಡ್ರೈವರ್ ಹೊಂದಿಸುವುದು, ತಿಂಗಳ ಕೊನೆಗೆ ಹಳಿ ಶುಲ್ಕದ ಬಿಲ್ ತಾಳೆ ನೋಡುವುದು ನನ್ನ ಕೆಲಸ. ನಾನು ಸೇರಿ ಎರಡನೇ ವರ್ಷ, ನವೆಂಬರ್ ತಿಂಗಳು. ಹಳಿಗೆ ಒದ್ದೆ ಎಲೆ ಅಂಟಿಕೊಂಡಿತ್ತು. ಬ್ರೇಕ್ ಹಾಕಿದಾಗ ಚಕ್ರ ಉರುಳದೆ ಜಾರಿತು, ಒಂದು ಎಂಜಿನ್ನಿನ ಚಕ್ರಗಳು ಅಲ್ಲಲ್ಲಿ ಚಪ್ಪಟೆಯಾದವು. ನಮ್ಮೂರ ರೈಲ್ವೆಯವರು ಇದನ್ನು ‘ಫ್ಲಾಟ್ ಟೈರ್’ ಅನ್ನುತ್ತಾರೆ. ಹಾಗೇ ಓಡಿಸಿದರೆ ಚಕ್ರ ಒಂದೊಂದು ಸಲ ತಿರುಗಿದಾಗಲೂ ಹಳಿಗೆ ಏಟು ಬೀಳುತ್ತದೆ. ಲೇತ್‌ಗೆ ಕೊಟ್ಟು ಚಕ್ರವನ್ನು ಮತ್ತೆ ದುಂಡಗೆ ಮಾಡಿಸಲೇಬೇಕು.

ಕೆಲಸ ಅರ್ಧ ದಿನದ್ದು. ಆದರೆ ಎಂಜಿನ್ನಿನಿಂದ ಬಿಚ್ಚದೆಯೇ ಕೆಳಗಿನಿಂದ ಚಕ್ರ ಕೆತ್ತುವ ಲೇತ್ ಎಲ್ಲ ಕಡೆ ಇರುವುದಿಲ್ಲ. ನಮಗೆ ಹತ್ತಿರದ್ದು 40 ಕಿಲೋಮೀಟರ್ ದೂರದ ಒಂದು ವರ್ಕ್‌ಶಾಪಿನಲ್ಲಿತ್ತು. ಆ ವರ್ಕ್‌ಶಾಪು ನಮ್ಮ ಪ್ರತಿಸ್ಪರ್ಧಿಯ, ಅಂದರೆ ಹಳೆಯ ಸರ್ಕಾರಿ ಗೂಡ್ಸ್ ಕಂಪನಿಯ, ಸೋದರ ಸಂಸ್ಥೆಯದು. ಫೋನ್ ಮಾಡಿದೆ. ‘ಈ ವಾರ ಜಾಗ ಇಲ್ಲ, ಸೋಮವಾರ ಮಾಡಿ’ ಅಂದರು. ಸೋಮವಾರ ಮಾಡಿದೆ. ‘ಮುಂದಿನ ವಾರ ನೋಡೋಣ.’ ಹೀಗೆ 11 ಫೋನ್, 19 ದಿನ. ಕೊನೆಗೆ ಆ ಎಂಜಿನ್ನನ್ನು ಇನ್ನೊಂದಕ್ಕೆ ಕಟ್ಟಿ, ಆಮೆವೇಗದಲ್ಲಿ ಗಡಿ ದಾಟಿಸಿ, ಪಕ್ಕದ ದೇಶದಲ್ಲಿ ಕೆಲಸ ಮಾಡಿಸಿದೆವು. ಅಷ್ಟರಲ್ಲಿ ನಮ್ಮ ಗಾಡಿಗಳು ಒಂದರ ಹಿಂದೆ ಒಂದು ರದ್ದಾಗಿದ್ದವು. ಗಿರಾಕಿ ಕಂಟೇನರುಗಳನ್ನೆಲ್ಲ ಲಾರಿಗೆ ಹಾಕಿಸಿಬಿಟ್ಟರು. ಎಂಟು ತಿಂಗಳು ಅಲೆದು ಹಿಡಿದಿದ್ದ ಕಾಂಟ್ರಾಕ್ಟ್ ಅದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಐರೋಪ್ಯ ಒಕ್ಕೂಟದ ಪ್ರತಿ ದೇಶದಲ್ಲೂ ರೈಲ್ವೆಗೆ ಒಂದು ಸ್ವತಂತ್ರ ನಿಯಂತ್ರಣ ಸಂಸ್ಥೆ ಇರಬೇಕು ಎಂಬುದು ಕಾನೂನು. ಜರ್ಮನಿಯಲ್ಲಿ ಬುಂಡೆಸ್‌ನೆಟ್ಸ್‌ಅಗೆಂಟೂರ್, ಫ್ರಾನ್ಸಿನಲ್ಲಿ ಸಾರಿಗೆ ನಿಯಂತ್ರಣ ಪ್ರಾಧಿಕಾರ, ಹೀಗೆ. ನಾನಿದ್ದ ದೇಶದ ಅಂಥ ಸಂಸ್ಥೆಗೆ ದೂರು ತೆಗೆದುಕೊಂಡು ಹೋದೆ. ಅನ್ಯಾಯ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿದೆ ಎಂಬ ನಂಬಿಕೆ ನನಗಿತ್ತು. ಅಲ್ಲಿನ ಅಧಿಕಾರಿ ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡರು. ಆಮೇಲೆ ಮೂರು ಪ್ರಶ್ನೆ ಕೇಳಿದರು. ನೀವು ಅರ್ಜಿ ಕೊಟ್ಟ ತಾರೀಖು ಯಾವುದು? ಅವರು ಕೊಟ್ಟ ಉತ್ತರ ಎಲ್ಲಿದೆ? ಬೇರೆ ಯಾವ ಸಮಯವಾದರೆ ಆಗುತ್ತದೆ ಎಂದು ಅವರನ್ನು ಕೇಳಿದ್ದೀರಾ? ನನ್ನ ಕೈಯಲ್ಲಿದ್ದದ್ದು ಫೋನ್ ಮಾಡಿದ ಹೊತ್ತು ಗೀಚಿಕೊಂಡ ಒಂದು ಹಾಳೆ ಮಾತ್ರ. ‘ಹಾಗಾದರೆ ಇದರಲ್ಲಿ ನಿರಾಕರಣೆ ಎಲ್ಲಿದೆ?’ ಅಂದರು. ಕೊಂಕಿನಿಂದ ಕೇಳಿದ ಮಾತಲ್ಲ. ಅವರಿಗೆ ಆದೇಶ ಹೊರಡಿಸಲು ಹಿಡಿಯೊಂದು ಬೇಕಿತ್ತು, ಅದನ್ನು ನಾನು ಕೊಟ್ಟಿರಲಿಲ್ಲ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅರಸೀಕೆರೆ ಸುತ್ತಮುತ್ತಲ ಸಣ್ಣ ಸ್ಟೇಷನ್ನುಗಳಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದು ನಿವೃತ್ತರಾದವರು ಅವರು. ಕಥೆಯೆಲ್ಲ ಕೇಳಿ ಒಂದೇ ಮಾತು ಅಂದರು: ‘ಪ್ರೈವೇಟ್ ನಂಬರ್ ತಗೊಂಡಿದ್ದೇನಮ್ಮ?’

ರೈಲ್ವೆ ಮನೆಗಳಲ್ಲಿ ಬೆಳೆದವರಿಗೆ ಇದು ಗೊತ್ತು. ಸ್ಟೇಷನ್ ಮಾಸ್ಟರು ಗೇಟಿನವನಿಗೆ ಫೋನಿನಲ್ಲಿ ‘ಗಾಡಿ ಬರುತ್ತಿದೆ, ಗೇಟ್ ಹಾಕು’ ಎಂದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಆ ಕಡೆಯವನು ತನ್ನ ಹಾಳೆಯಲ್ಲಿರುವ ಒಂದು ಗುಪ್ತ ಸಂಖ್ಯೆಯನ್ನು ಹೇಳಬೇಕು, ಈ ಕಡೆಯವರು ಅದನ್ನು ಬರೆದುಕೊಳ್ಳಬೇಕು. ಆ ಸಂಖ್ಯೆ ಇಲ್ಲದಿದ್ದರೆ ಮಾತು ನಡೆದೇ ಇಲ್ಲ ಎಂದು ಲೆಕ್ಕ. ಅಪ್ಪ ಹೇಳಿದ್ದು ಸುರಕ್ಷತೆಯ ನಿಯಮ, ನನ್ನದು ವ್ಯಾಪಾರದ ತಕರಾರು. ಆದರೂ ನನ್ನ ತಪ್ಪು ಎಲ್ಲಿತ್ತೆಂದು ಆ ಒಂದು ಪ್ರಶ್ನೆಯಿಂದ ತಿಳಿಯಿತು. ಮರುದಿನವೇ ನಿಯಮಗಳನ್ನು ಮೊದಲಿನಿಂದ ಓದಲು ಕೂತೆ.

ಅಪ್ಪನ ರೈಲ್ವೆಗೂ ಇಲ್ಲಿಯ ರೈಲ್ವೆಗೂ ಇರುವ ದೊಡ್ಡ ವ್ಯತ್ಯಾಸವನ್ನು ಮೊದಲು ಹೇಳಬೇಕು. ನಮ್ಮಲ್ಲಿ ಹಳಿ, ಗಾಡಿ, ವರ್ಕ್‌ಶಾಪು, ದರ ಎಲ್ಲ ಹೆಚ್ಚುಕಡಿಮೆ ಒಂದೇ ಮನೆಯೊಳಗೆ. ಯುರೋಪಿನಲ್ಲೂ ಹಾಗೇ ಇತ್ತು. ಸ್ವೀಡನ್ 1988ರಲ್ಲಿ ಹಳಿಯನ್ನು ಒಂದು ಸಂಸ್ಥೆಗೂ ಗಾಡಿಯನ್ನು ಇನ್ನೊಂದಕ್ಕೂ ಹಂಚಿತು. 1991ರ ಐರೋಪ್ಯ ನಿರ್ದೇಶನ ಎಲ್ಲ ಸದಸ್ಯ ದೇಶಗಳಿಗೂ ಕನಿಷ್ಠ ಲೆಕ್ಕಪತ್ರವನ್ನಾದರೂ ಬೇರೆ ಮಾಡಿ ಎಂದಿತು. 2007ರ ಜನವರಿ 1ರಿಂದ ಒಕ್ಕೂಟದೊಳಗೆ ಗೂಡ್ಸ್ ಸಾಗಣೆ ಪೂರ್ತಿ ಮುಕ್ತ. ಪರವಾನಗಿಯೂ ಸುರಕ್ಷತಾ ಪ್ರಮಾಣಪತ್ರವೂ ಇದ್ದ ಯಾವ ಕಂಪನಿ ಬೇಕಾದರೂ ಹಳಿಯ ಮೇಲೆ ಸಮಯ ಕೇಳಬಹುದು. ನಮ್ಮಂಥ ನಾಲ್ಕು ಎಂಜಿನ್ನಿನ ಕಂಪನಿ ಹುಟ್ಟಿದ್ದೇ ಆ ಬಾಗಿಲು ತೆರೆದಿದ್ದರಿಂದ.

ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗೆ. ಹಳಿ ಮುಕ್ತವಾದ ಮಾತ್ರಕ್ಕೆ ಗಾಡಿ ಓಡುವುದಿಲ್ಲ. ಡೀಸೆಲ್ ತುಂಬಿಸಬೇಕು, ಯಾರ್ಡಿನಲ್ಲಿ ಶಂಟಿಂಗ್, ಅಂದರೆ ವ್ಯಾಗನ್ನುಗಳನ್ನು ಬಿಡಿಸಿ ಜೋಡಿಸುವ ಕೆಲಸ, ಆಗಬೇಕು, ರಾತ್ರಿ ನಿಲ್ಲಿಸಲು ಸೈಡಿಂಗ್ ಬೇಕು, ಚಕ್ರ ಕೆಟ್ಟರೆ ಲೇತ್ ಬೇಕು. ಇವೆಲ್ಲ ಬಹುಪಾಲು ಹಳೆಯ ಕಂಪನಿಗಳ ಕೈಯಲ್ಲೇ ಉಳಿದವು. ಇದನ್ನು ಬ್ರಸೆಲ್ಸ್‌ನವರು, ಅಂದರೆ ಒಕ್ಕೂಟದವರು, ಗಮನಿಸದೆ ಇರಲಿಲ್ಲ. 2012ರ 34ನೇ ನಿರ್ದೇಶನದ 13ನೇ ವಿಧಿ ಇದಕ್ಕಾಗಿಯೇ ಇದೆ: ಇಂಥ ಸೌಲಭ್ಯಗಳನ್ನು ಎಲ್ಲ ಕಂಪನಿಗಳಿಗೂ ತಾರತಮ್ಯವಿಲ್ಲದೆ ಕೊಡಬೇಕು. ಅದರ ವಿವರ 2017ರ 2177ನೇ ನಿಯಮಾವಳಿಯಲ್ಲಿದೆ. ಅದರ ಮುಖ್ಯ ಭಾಗಗಳು ಜಾರಿಗೆ ಬಂದದ್ದು 2019ರ ಜೂನ್ 1ರಿಂದ. ನನ್ನ ಮೇಜಿನ ಮೇಲೆ ಈಗ ಸದಾ ಇರುವ ಕಾಗದ ಅದು. ಸೌಲಭ್ಯ ನಡೆಸುವವರು ಏನಿದೆ, ಹೇಗೆ ಕೇಳಬೇಕು, ದರ ಎಷ್ಟು ಎಂಬ ವಿವರಪತ್ರ ಪ್ರಕಟಿಸಬೇಕು. ಅರ್ಜಿಗೆ ನಿಯಂತ್ರಣ ಸಂಸ್ಥೆ ಗೊತ್ತುಮಾಡಿದ ಗಡುವಿನೊಳಗೆ ಉತ್ತರ ಕೊಡಬೇಕು. ಇಬ್ಬರು ಒಂದೇ ಸಮಯ ಕೇಳಿದ್ದರೆ ಇಬ್ಬರನ್ನೂ ಕೂರಿಸಿ ಹೊಂದಾಣಿಕೆಗೆ ಪ್ರಯತ್ನಿಸಬೇಕು. ಅದೂ ಆಗದಿದ್ದರೆ ಬೇರೆಡೆ ಸಾಧ್ಯವೇ ಎಂದು ಅರ್ಜಿದಾರರ ಜೊತೆ ಸೇರಿ ಹುಡುಕಬೇಕು. ಎಲ್ಲ ದಾರಿ ಮುಚ್ಚಿದ ಮೇಲಷ್ಟೇ ಇಲ್ಲ ಎನ್ನಬಹುದು, ಅದನ್ನೂ ಕಾರಣ ಸಮೇತ ಬರೆದು ಕೊಡಬೇಕು. ಎರಡು ವರ್ಷ ಸತತವಾಗಿ ಬಳಸದೆ ಬಿಟ್ಟ ಸೌಲಭ್ಯವನ್ನು, ಯಾರಾದರೂ ಬೇಕೆಂದು ಮುಂದೆ ಬಂದರೆ, ಬಾಡಿಗೆಗೆ ಕೊಡುತ್ತೇವೆಂದು ಮಾಲೀಕರು ಸಾರ್ವಜನಿಕವಾಗಿ ಪ್ರಕಟಿಸಬೇಕು ಎಂಬ ಮಾತೂ ಕಾನೂನಿನಲ್ಲಿದೆ.

ಈ ಇಡೀ ಸರಪಳಿಯ ಮೊದಲ ಕೊಂಡಿ ಅರ್ಜಿ. ನಾನು ಅದನ್ನೇ ಹಾಕಿರಲಿಲ್ಲ. ಫೋನಿನಲ್ಲಿ ಕೇಳಿದ್ದು ವಿಚಾರಣೆಯಾಯಿತು, ಅರ್ಜಿಯಾಗಲಿಲ್ಲ. ಅವರು ‘ಸೋಮವಾರ ಮಾಡಿ’ ಎಂದದ್ದು ಸಲಹೆಯಾಯಿತು, ನಿರಾಕರಣೆಯಾಗಲಿಲ್ಲ.

ಕೆಲವರಿಗೆ ಇದೆಲ್ಲ ಒಂದು ಲೇತ್‌ನ ಸಣ್ಣ ಜಗಳ ಅನಿಸಬಹುದು. ಆದರೆ ಯುರೋಪಿನ ರೈಲ್ವೆಯಲ್ಲಿ ಸ್ಪರ್ಧೆಯ ದೊಡ್ಡ ಮೊಕದ್ದಮೆಗಳು ಹುಟ್ಟಿದ್ದೇ ಇಂಥ ಜಾಗಗಳಿಂದ. ಜರ್ಮನಿಯಲ್ಲಿ ತಕರಾರು ಎದ್ದದ್ದು ಎಂಜಿನ್ನಿಗೆ ಕೊಡುವ ಕರೆಂಟಿನ ಬೆಲೆಯ ಮೇಲೆ. ಅಲ್ಲಿನ ಸರ್ಕಾರಿ ರೈಲ್ವೆ ಡಾಯ್ಚ ಬಾನ್ ಬಳಗದ ವಿದ್ಯುತ್ ಕಂಪನಿಯ ರಿಯಾಯಿತಿ ಪದ್ಧತಿ ತನ್ನದೇ ಬಳಗದ ಗಾಡಿಗಳಿಗೆ ಅನುಕೂಲವಾಗಿದೆ ಎಂಬ ಆತಂಕವನ್ನು ಒಕ್ಕೂಟದ ಆಡಳಿತ ನೋಡಿಕೊಳ್ಳುವ ಐರೋಪ್ಯ ಆಯೋಗ ಎತ್ತಿತು. 2013ರ ಡಿಸೆಂಬರಿನಲ್ಲಿ ಹೊಸ ದರ ಪದ್ಧತಿಗೆ ಕಂಪನಿ ಒಪ್ಪಿಕೊಂಡು ಪ್ರಕರಣ ಮುಗಿಯಿತು. ಚೆಕ್ ಮತ್ತು ಆಸ್ಟ್ರಿಯಾದ ಸರ್ಕಾರಿ ರೈಲ್ವೆಗಳಿಗೆ 2024ರ ಅಕ್ಟೋಬರಿನಲ್ಲಿ ಒಟ್ಟು 4.87 ಕೋಟಿ ಯೂರೊ ದಂಡ ಬಿತ್ತು. ಕಾರಣ ಹಳೆಯ ಬೋಗಿಗಳು. ರೆಜಿಯೊಜೆಟ್ ಎಂಬ ಖಾಸಗಿ ಕಂಪನಿಗೆ ಸೆಕೆಂಡ್ ಹ್ಯಾಂಡ್ ಬೋಗಿ ಸಿಗದಂತೆ ಇಬ್ಬರೂ ಮಾತಾಡಿಕೊಂಡಿದ್ದರು. ಹೊಸ ಬೋಗಿ ಕೊಳ್ಳಲು ವರ್ಷಗಟ್ಟಲೆ ಕಾಯಬೇಕು, ಹಣವೂ ಬಹಳ ಬೇಕು. ಹೊಸದಾಗಿ ಬಂದವರಿಗೆ ಹಳೆಯ ಬೋಗಿಯೇ ಬಾಗಿಲು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಲಿಥುವೇನಿಯಾದ ಪ್ರಕರಣ. ಅಲ್ಲಿನ ಓರ್ಲೆನ್ ತೈಲ ಸಂಸ್ಕರಣಾಗಾರ ರಾಷ್ಟ್ರೀಯ ರೈಲ್ವೆಯ ಜೊತೆ ಜಗಳವಾಗಿ, ತನ್ನ ಸರಕನ್ನು ಪಕ್ಕದ ಲಾಟ್ವಿಯಾದ ರೈಲ್ವೆಗೆ ಕೊಡುವ ಯೋಚನೆಯಲ್ಲಿತ್ತು. 2008ರಲ್ಲಿ ರಾಷ್ಟ್ರೀಯ ರೈಲ್ವೆ ಆ ಸಂಸ್ಕರಣಾಗಾರದ ಕಡೆಯಿಂದ ಲಾಟ್ವಿಯಾಕ್ಕೆ ಹೋಗುವ 19 ಕಿಲೋಮೀಟರ್ ಹಳಿಯನ್ನೇ ಕಿತ್ತುಹಾಕಿತು. ಗಡಿ ದಾಟಲು ಸುತ್ತು ದಾರಿಯೇ ಗತಿಯಾಯಿತು. ಆಯೋಗ 2017ರಲ್ಲಿ ಸುಮಾರು 2.79 ಕೋಟಿ ಯೂರೊ ದಂಡ ಹಾಕಿತು. ನ್ಯಾಯಾಲಯ 2020ರಲ್ಲಿ ಅದನ್ನು ಸುಮಾರು 2 ಕೋಟಿಗೆ ಇಳಿಸಿತು. 2023ರ ಜನವರಿಯಲ್ಲಿ ಮೇಲಿನ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಹಳಿ ಕಿತ್ತದ್ದರಿಂದ ಕೊನೆಯ ತೀರ್ಪಿನವರೆಗೆ 14 ವರ್ಷ. ನನಗೆ ಇದರಲ್ಲಿ ಎರಡು ಮಾತು ಒಟ್ಟಿಗೇ ಕೇಳಿಸುತ್ತವೆ: ನ್ಯಾಯ ಸಿಕ್ಕಿತು, ಮತ್ತು ಇಷ್ಟು ದಿನ ಕಾಯುವ ಶಕ್ತಿ ನಾಲ್ಕು ಎಂಜಿನ್ನಿನ ಕಂಪನಿಗೆ ಇರುವುದಿಲ್ಲ. ನಿಯಂತ್ರಣ ಸಂಸ್ಥೆಯ ದಾರಿ ಅಷ್ಟು ಉದ್ದವಲ್ಲ, ಬೇಕಾದ ಮಾಹಿತಿಯೆಲ್ಲ ಕೈಸೇರಿದ ಆರು ವಾರದೊಳಗೆ ಅವರು ತೀರ್ಮಾನ ಕೊಡಬೇಕು. ಆದರೆ ನಿಂತ ಎಂಜಿನ್ನಿಗೆ ಆರು ವಾರವೂ ಬಹಳ. ಹಾಗಾಗಿ ಕಾಗದ ಮೊದಲ ದಿನವೇ ಹೊರಡಬೇಕು.

ದುಡ್ಡಿನ ವಿಷಯಕ್ಕೂ ಬರುತ್ತೇನೆ, ಏಕೆಂದರೆ ನ್ಯಾಯಯುತ ಸ್ಪರ್ಧೆ ಎಂದು ಮಾತಾಡುವವರು ಇದನ್ನು ಬಿಟ್ಟುಬಿಡುತ್ತಾರೆ. ನಾವು ಕಟ್ಟುವ ಹಳಿ ಶುಲ್ಕದ ತಳಪಾಯ ಒಂದೇ: ನಮ್ಮ ಗಾಡಿ ಓಡಿದ್ದರಿಂದ ನೇರವಾಗಿ ಎಷ್ಟು ಸವೆತ, ಎಷ್ಟು ಖರ್ಚು, ಅಷ್ಟು. ಮಾರುಕಟ್ಟೆ ತಡೆದುಕೊಂಡರೆ ಅದರ ಮೇಲೆ ಒಂದಿಷ್ಟು ಸೇರಿಸಲು ದೇಶಗಳಿಗೆ ಅವಕಾಶವಿದೆ. ಉಳಿದದ್ದನ್ನು ಬಹುಪಾಲು ಸರ್ಕಾರವೇ ಭರಿಸಬೇಕು, ಹಳಿ ನೋಡಿಕೊಳ್ಳುವ ಕಂಪನಿಯ ಜೊತೆ ಕನಿಷ್ಠ ಐದು ವರ್ಷದ ಒಪ್ಪಂದ ಮಾಡಿಕೊಳ್ಳಬೇಕು. ಆ ಹಣ ವರ್ಷಾನುಗಟ್ಟಲೆ ಸಾಲದೆ ಹೋದರೆ ಹಳಿ ಸೊರಗುತ್ತದೆ, ಒಂದು ದಿನ ಇಡೀ ಮಾರ್ಗವನ್ನೇ ಮುಚ್ಚಿ ರಿಪೇರಿ ಮಾಡಬೇಕಾಗುತ್ತದೆ. ಫ್ರಾಂಕ್‌ಫರ್ಟ್ ಮತ್ತು ಮಾನ್‌ಹೈಮ್ ನಡುವಿನ ಸುಮಾರು 70 ಕಿಲೋಮೀಟರ್ ಮಾರ್ಗವನ್ನು 2024ರ ಜುಲೈಯಿಂದ ಡಿಸೆಂಬರ್‌ವರೆಗೆ ಐದು ತಿಂಗಳು ಮುಚ್ಚಿದರು. ಜರ್ಮನಿಯ ಅತ್ಯಂತ ದಟ್ಟಣೆಯ ಮಾರ್ಗಗಳಲ್ಲಿ ಅದೊಂದು. ರಿಪೇರಿ ಆಗಲೇಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಗಾಡಿಯನ್ನು ಬೇರೆ ದಾರಿಯಲ್ಲಿ ತಿರುಗಿಸಬೇಕೆಂದರೆ ಆ ದಾರಿ ಗೊತ್ತಿರುವ ಡ್ರೈವರ್ ಬೇಕು. ರೋಡ್ ಲರ್ನಿಂಗ್, ಅಂದರೆ ದಾರಿಯ ಪರಿಚಯ, ಆಗದ ಡ್ರೈವರನ್ನು ಆ ಮಾರ್ಗದಲ್ಲಿ ಒಬ್ಬನೇ ಕಳಿಸುವಂತಿಲ್ಲ. ಸಾವಿರಾರು ಡ್ರೈವರುಗಳಿರುವ ಕಂಪನಿಗೆ ಅದು ತಲೆನೋವು, ಹತ್ತು ಹನ್ನೆರಡು ಜನರಿರುವ ಕಂಪನಿಗೆ ಅದು ಗಾಡಿ ರದ್ದು. ಎಲ್ಲರಿಗೂ ಒಂದೇ ನಿಯಮ, ಪೆಟ್ಟು ಮಾತ್ರ ಒಂದೇ ಅಲ್ಲ.

ಇನ್ನೊಂದು ಕಡೆ ಹಳೆಯ ಕಂಪನಿಗಳ ನಷ್ಟ ತುಂಬಲು ಸರ್ಕಾರಗಳು ಹಣ ಕೊಟ್ಟ ಕಥೆಗಳಿವೆ. ಫ್ರಾನ್ಸಿನ ಸರ್ಕಾರಿ ಗೂಡ್ಸ್ ಕಂಪನಿ ಫ್ರೆಟ್ ಎಸ್‌ಎನ್‌ಸಿಎಫ್‌ಗೆ ಸಿಕ್ಕ 500 ಕೋಟಿ ಯೂರೊಗೂ ಮೀರಿದ ನೆರವಿನ ಬಗ್ಗೆ ಆಯೋಗ 2023ರಲ್ಲಿ ತನಿಖೆ ಶುರುಮಾಡಿತು. ಕೊನೆಗೆ ಆ ಕಂಪನಿ ಲಾಭದ ಕೆಲವು ಮಾರ್ಗಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟು, 2025ರ ಜನವರಿ 1ರಂದು ಎರಡು ಹೊಸ ಕಂಪನಿಗಳಾಗಿ ಒಡೆಯಿತು. ನಮ್ಮ ಆಫೀಸಿನಲ್ಲಿ ಇದನ್ನು ಕೇಳಿ ಖುಷಿಪಟ್ಟವರಿದ್ದರು. ನನಗೆ ಖುಷಿಯಾಗಲಿಲ್ಲ. ತೆರಿಗೆ ಹಣದಿಂದ ನಷ್ಟ ತುಂಬಿಸಿಕೊಂಡವರ ಜೊತೆ ದರದಲ್ಲಿ ಪೈಪೋಟಿ ಮಾಡುವ ಕಷ್ಟ ನನಗೆ ಗೊತ್ತು, ಅದನ್ನು ತಡೆಯಲೇಬೇಕು. ಆದರೆ ಅವರು ಬಿಟ್ಟ ಸರಕು ಇನ್ನೊಂದು ರೈಲಿಗೆ ಬರದೆ ಲಾರಿಗೆ ಹೋದರೆ ರೈಲಿನವರೆಲ್ಲ ಸೋತಂತೆ. ನಮ್ಮ ಗಿರಾಕಿಯ ಕಂಟೇನರುಗಳಿಗೆ ಆದದ್ದೂ ಅದೇ ತಾನೆ.

ಎರಡು ವರ್ಷದ ನಂತರ ಇನ್ನೊಂದು ಎಂಜಿನ್ನಿನ ಚಕ್ರ ಚಪ್ಪಟೆಯಾಯಿತು. ಅದೇ ವರ್ಕ್‌ಶಾಪು. ಈ ಸಲ ಮೊದಲ ಗಂಟೆಯಲ್ಲೇ ಅರ್ಜಿ ಕಳಿಸಿದೆ. ಎಂಜಿನ್ ಸಂಖ್ಯೆ, ಎಷ್ಟು ಚಕ್ರ, ಅವರದೇ ವಿವರಪತ್ರದ ಪ್ರಕಾರ ಎಷ್ಟು ಗಂಟೆಯ ಕೆಲಸ, ನಾವು ತರಬಹುದಾದ ಏಳು ಬೇರೆ ಬೇರೆ ಸಮಯ, ಅದರಲ್ಲಿ ಮೂರು ರಾತ್ರಿಯವು. ಇವು ಯಾವುವೂ ಆಗದಿದ್ದರೆ ನಿಮಗೆ ಆಗುವ ಸಮಯ ತಿಳಿಸಿ, ಆಗುವುದೇ ಇಲ್ಲವಾದರೆ ಕಾರಣವನ್ನು ಬರಹದಲ್ಲಿ ಕೊಡಿ ಎಂದು ಕೊನೆಯಲ್ಲಿ ಸೇರಿಸಿದೆ. ಗದರಿಕೆಯ ಒಂದು ಪದವೂ ಇರಲಿಲ್ಲ. ಮೂರನೇ ದಿನ ಉತ್ತರ ಬಂತು: ಶನಿವಾರ ರಾತ್ರಿ ಹತ್ತಕ್ಕೆ ತನ್ನಿ.

ನಾನೂ ಎಂಜಿನ್ ಜೊತೆ ಹೋಗಿದ್ದೆ. ಲೇತ್ ನಡೆಸುವ ಹಿರಿಯರು ಚಹಾ ಕೊಟ್ಟು ಕೂರಿಸಿದರು. ಹಿಂದಿನ ಸಲದ ಕಥೆ ಹೇಳಿದೆ. ಅವರು ಗೋಡೆಯ ಮೇಲಿನ ಪಟ್ಟಿ ತೋರಿಸಿದರು. ಹಗಲಿನ ಮನೆಗಳೆಲ್ಲ ಅವರದೇ ಬಳಗದ ಎಂಜಿನ್ನುಗಳಿಂದ ತುಂಬಿದ್ದವು, ರಾತ್ರಿಯವು ಬಹುಪಾಲು ಖಾಲಿ. ‘ಫೋನ್ ತೆಗೆಯುವವರು ಹಗಲಿನ ಪಟ್ಟಿಯನ್ನಷ್ಟೇ ನೋಡುತ್ತಾರೆ’ ಅಂದರು. ‘ರಾತ್ರಿ ಬರುತ್ತೇವೆ ಎಂದು ಹೊರಗಿನವರು ಯಾರೂ ಕೇಳಿರಲಿಲ್ಲ.’

ಆ ಮಾತು ಕೇಳಿ ನನಗೆ ಬಹಳ ಹೊತ್ತು ಏನೂ ಮಾತಾಡಲು ಆಗಲಿಲ್ಲ. ಆ 19 ದಿನವೂ ನಾವು ಎದುರಾಳಿಯೆಂದು ಹೊರಗಿಟ್ಟಿದ್ದಾರೆ ಎಂದುಕೊಂಡಿದ್ದೆ. ಇರಬಹುದು, ಇಲ್ಲದೆಯೂ ಇರಬಹುದು. ಬರಹದಲ್ಲಿ ಕೇಳಿದ್ದರೆ ಅವತ್ತೇ ತಿಳಿಯುತ್ತಿತ್ತು. ನಿಜವಾಗಿ ತಾರತಮ್ಯ ಮಾಡಿದ್ದರೆ ಅದು ಕಾಗದದಲ್ಲಿ ಸಿಕ್ಕಿಬೀಳುತ್ತಿತ್ತು, ಬರೀ ಅಸಡ್ಡೆಯಾಗಿದ್ದರೆ ಖಾಲಿ ರಾತ್ರಿಯೊಂದು ನಮಗೆ ಸಿಗುತ್ತಿತ್ತು.

ಈಗ ನನ್ನ ಕೈಕೆಳಗೆ ಇಬ್ಬರು ಹೊಸಬರಿದ್ದಾರೆ. ಫೋನ್ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಫೋನಿನಲ್ಲಿ ಮಾತಾಡಿಯೇ ಅರ್ಧ ಕೆಲಸ ಆಗುವುದು. ಫೋನ್ ಇಟ್ಟ ಹತ್ತು ನಿಮಿಷದೊಳಗೆ ‘ಈಗ ತಾನೇ ಮಾತಾಡಿದ ಪ್ರಕಾರ’ ಎಂದು ಒಂದು ಮೇಲ್ ಹೋಗಬೇಕು, ಅಷ್ಟೇ. ಅವರಲ್ಲೊಬ್ಬಳು ಅದಕ್ಕೆ ‘ಪ್ರೈವೇಟ್ ನಂಬರ್’ ಎಂದೇ ಹೆಸರಿಟ್ಟಿದ್ದಾಳೆ. ಅಪ್ಪನಿಗೆ ಹೇಳಿದಾಗ ಅವರಿಗೆ ತುಂಬ ಸಂತೋಷವಾಯಿತು.

ಇಲ್ಲಿ ಹೊಸ ವೇಳಾಪಟ್ಟಿ ಶುರುವಾಗುವುದು ಡಿಸೆಂಬರಿನ ಎರಡನೇ ಶನಿವಾರದ ಮಧ್ಯರಾತ್ರಿ. ಅದಕ್ಕೆ ಅರ್ಜಿ ಹಾಕುವ ಗಡುವು ಏಪ್ರಿಲ್‌ನಲ್ಲೇ ಮುಗಿಯುತ್ತದೆ. ಆ ಹಳೆಯ ಗಿರಾಕಿಯ ಕಂಟೇನರುಗಳು ಇನ್ನೂ ಲಾರಿಯಲ್ಲೇ ಹೋಗುತ್ತಿವೆ. ಈ ಸಲದ ಅರ್ಜಿಯಲ್ಲಿ ಅವರಿಗಾಗಿ ವಾರಕ್ಕೆ ಎರಡು ಗಾಡಿಯ ಸಮಯ ಕೇಳಿದ್ದೇನೆ. ಜೊತೆಗೆ ನವೆಂಬರ್ ತಿಂಗಳ ಶನಿವಾರಗಳಂದು ರಾತ್ರಿ ಒಂಬತ್ತರ ನಂತರ ಒಂದು ಎಂಜಿನ್ ಮಾತ್ರ ಲೇತ್‌ಗೆ ಹೋಗಿಬರಲು ಬೇಕಾದ ಸಮಯವನ್ನೂ ಕೇಳಿದ್ದೇನೆ.