ಹದಿನೆಂಟನೆಯ ಚೀಲ: ನೋಡ್ ಜೆಎಸ್‌ನಿಂದ ರಿಕ್ವೆಸ್ಟ್ ಕಳುಹಿಸುತ್ತಾ ಕಲಿತದ್ದು

ಶಿವಮೊಗ್ಗದಲ್ಲಿದ್ದುಕೊಂಡು ಅಡಿಕೆ ವಹಿವಾಟಿನ ಸಂಸ್ಥೆಯೊಂದಕ್ಕೆ ತಂತ್ರಾಂಶ ಬರೆದುಕೊಡುವುದು ನನ್ನ ಕೆಲಸ. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆಯ ಶಾಖೆಗಳಿಗೆ ಬೆಳೆಗಾರರು ತರುವ ಚೀಲಗಳನ್ನು ಅಲ್ಲಲ್ಲಿಯೇ ತೂಗಿ, ಬೆಳೆಗಾರರ ಖಾತೆ ಸಂಖ್ಯೆ, ಅಡಿಕೆ ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ ಎಂಬ ಬಗೆಯ ವಿವರ, ಗ್ರಾಂವರೆಗಿನ ತೂಕ, ಇಷ್ಟನ್ನೂ ಒಂದು ತೂಕದ ಚೀಟಿಯಾಗಿ ಮಾಡಿ ಶಿವಮೊಗ್ಗದ ಸರ್ವರ್‌ಗೆ ಕಳುಹಿಸಬೇಕು. ಶಾಖೆಯ ಕಂಪ್ಯೂಟರಿನಲ್ಲಿ ಈ ಕೆಲಸ ಮಾಡುವುದು ನೋಡ್ ಜೆಎಸ್‌ನಲ್ಲಿ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಬರೆದ ಒಂದು ಪುಟ್ಟ ಪ್ರೋಗ್ರಾಂ. ಅದರ ಹೊಣೆ ಒಂದೇ: ಚೀಟಿಯನ್ನು ಎಚ್‌ಟಿಟಿಪಿ (ಜಾಲತಾಣಗಳು ಬಳಸುವ ಸಂವಹನದ ನಿಯಮ) ಮೂಲಕ ರಿಕ್ವೆಸ್ಟ್ ಆಗಿ ಕಳುಹಿಸಿ, ತಲುಪಿತೆಂಬ ಉತ್ತರ ಪಡೆಯುವುದು.

2023ರ ಜುಲೈನಲ್ಲಿ, ಮಳೆ ಹಿಡಿದುಕೊಂಡಿದ್ದ ಒಂದು ವಾರದಲ್ಲಿ, ಹೊಸನಗರದ ಕಡೆಯ ಶಾಖೆಗೆ ಬಂದ ಬೆಳೆಗಾರರೊಬ್ಬರು ತಮ್ಮ ಲೆಕ್ಕದ ಹಾಳೆಯನ್ನು ಕೌಂಟರಿನ ಮೇಲಿಟ್ಟು, "ನಾ ತಂದಿದ್ದು ಹದಿನೇಳು ಚೀಲ. ಇಲ್ಲಿ ಹದಿನೆಂಟು ಅಂತ ಇದೆ. ಆ ಒಂದು ಚೀಲ ಯಾರದ್ದು ಮಾರಾಯ್ರೇ?" ಎಂದು ಕೇಳಿದರು. ಹೆಚ್ಚು ಬರೆದದ್ದನ್ನು ಸುಮ್ಮನೆ ಒಪ್ಪಿಕೊಂಡು ಹೋಗಬಹುದಾಗಿದ್ದ ಮನುಷ್ಯ, ಅದೂ ಧಾರಣೆಯಲ್ಲಿ ಎಲ್ಲಕ್ಕಿಂತ ಮೇಲಿರುವ ಸರಕಿನ ಚೀಲದ ವಿಷಯದಲ್ಲಿ, ತಾವಾಗಿ ಬಂದು ಹೇಳಿದ್ದರಿಂದ ನಮಗೆ ದೋಷ ಗೊತ್ತಾಯಿತು. ಅವರು ಬಾರದೇ ಇದ್ದಿದ್ದರೆ ಇನ್ನೆಷ್ಟು ದಿನ ಹೀಗೆಯೇ ನಡೆಯುತ್ತಿತ್ತೋ ಎಂದು ನೆನೆದರೆ ಈಗಲೂ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಡೇಟಾಬೇಸ್ ತೆಗೆದು ನೋಡಿದಾಗ ಒಂದರ ಕೆಳಗೊಂದು ಎರಡು ಸಾಲುಗಳಿದ್ದವು. ಎರಡರಲ್ಲೂ ಅದೇ ಖಾತೆ, ಅದೇ ಸರಕು, ಅದೇ 64 ಕಿಲೋ 300 ಗ್ರಾಂ. ಒಂದು ದಾಖಲಾದದ್ದು 11 ಗಂಟೆ 42 ನಿಮಿಷ 7 ಸೆಕೆಂಡಿಗೆ, ಇನ್ನೊಂದು ಅದೇ ನಿಮಿಷದ 13ನೇ ಸೆಕೆಂಡಿಗೆ. ಆರು ಸೆಕೆಂಡಿನಲ್ಲಿ ಹಮಾಲರು ಒಂದು ಚೀಲ ಇಳಿಸಿ ಇನ್ನೊಂದನ್ನು ತಕ್ಕಡಿಗೆ ಏರಿಸಲಾರರು. ಏರಿಸಿದರೂ ಗ್ರಾಂ ಸಮೇತ ತೂಕ ಒಂದೇ ಬರುವುದು ಅಪರೂಪ. ಶಾಖೆಯ ಕಂಪ್ಯೂಟರಿನ ಲಾಗ್‌ನಲ್ಲಿ ಉಳಿದ ಅರ್ಧ ಕಥೆಯಿತ್ತು: 5ನೇ ಸೆಕೆಂಡಿಗೆ ಚೀಟಿ ಹೊರಟಿದೆ, 10ನೇ ಸೆಕೆಂಡಿಗೆ ಕಾಯುವ ಅವಧಿ ಮುಗಿದು ಟೈಮ್‌ಔಟ್ ಆಗಿದೆ, ಒಂದು ಸೆಕೆಂಡು ತಡೆದು 11ನೇ ಸೆಕೆಂಡಿಗೆ ಅದೇ ಚೀಟಿ ಮತ್ತೆ ಹೊರಟಿದೆ, 13ನೇ ಸೆಕೆಂಡಿಗೆ ಸರ್ವರ್‌ನಿಂದ 200 (ಎಲ್ಲ ಸರಿ) ಎಂಬ ಉತ್ತರ ಬಂದಿದೆ. ಅಂದರೆ ಮೊದಲ ರಿಕ್ವೆಸ್ಟ್ ಸರ್ವರ್ ಮುಟ್ಟಿ, ಚೀಟಿ ದಾಖಲಾಗಿ, ಅದರ ಉತ್ತರವೂ ಹೊರಟು, ಆ ಉತ್ತರ ಮಾತ್ರ ಸಮಯಕ್ಕೆ ಶಾಖೆಯನ್ನು ತಲುಪಿರಲಿಲ್ಲ. ಚೀಟಿ ತಲುಪಲಿಲ್ಲವೆಂದು ತಿಳಿದ ನನ್ನ ಪ್ರೋಗ್ರಾಂ ಅದನ್ನು ಮತ್ತೊಮ್ಮೆ ಕಳುಹಿಸಿತ್ತು.

ಈ ಸ್ಥಿತಿಗೆ ನಾವು ಹೇಗೆ ಬಂದೆವೆಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಪ್ರೋಗ್ರಾಮಿನ ಮೊದಲ ರೂಪದಲ್ಲಿ ಬಳಸಿದ್ದು ಆಗ ಬಹುತೇಕ ಎಲ್ಲರೂ ಬಳಸುತ್ತಿದ್ದ ರಿಕ್ವೆಸ್ಟ್ ಎಂಬ ಹೆಸರಿನ ಲೈಬ್ರರಿಯನ್ನೇ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್). 2020ರ ಫೆಬ್ರುವರಿಯಲ್ಲಿ ಅದನ್ನು ಬರೆದವರೇ ಅದಕ್ಕೆ ಪೂರ್ಣವಿರಾಮ ಹಾಕಿದ ಮೇಲೆ ನೋಡ್-ಫೆಚ್ ಎಂಬ ಹಗುರವಾದ ಲೈಬ್ರರಿಗೆ ಬಂದೆವು. ಹಗುರವಾದದ್ದು ಬೇಕೆಂಬ ಹಟಕ್ಕೆ ಕಾರಣವಿತ್ತು. ಶಾಖೆಗಳ ಕಂಪ್ಯೂಟರುಗಳು ಹಳೆಯವು. ಮಳೆಗಾಲದಲ್ಲಿ ಅಲ್ಲಿಗೆ ಒಂದು ಹೊಸ ಆವೃತ್ತಿ ಕಳುಹಿಸುವುದೆಂದರೆ, ಹತ್ತಾರು ಉಪಲೈಬ್ರರಿಗಳ ಗಂಟನ್ನು ಹೊತ್ತ ಪೊಟ್ಟಣ ಅರ್ಧಕ್ಕೇ ನಿಂತು, ಮರುದಿನ ನಮ್ಮಲ್ಲೊಬ್ಬರು ಬಸ್ಸು ಹತ್ತಿ ಹೋಗಬೇಕಾಗುತ್ತಿತ್ತು. 2022ರ ಏಪ್ರಿಲ್‌ನಲ್ಲಿ ಬಂದ ನೋಡ್‌ನ 18ನೇ ಆವೃತ್ತಿಯಲ್ಲಿ ರಿಕ್ವೆಸ್ಟ್ ಕಳುಹಿಸುವ ಫೆಚ್ ಎಂಬ ಫಂಕ್ಷನ್ ಒಳಗೇ ಸೇರಿಕೊಂಡದ್ದರಿಂದ, ಹೊರಗಿನ ಲೈಬ್ರರಿಯೇ ಬೇಡವಾಯಿತು. ಅದರ ಹಿಂದೆ ಕೆಲಸ ಮಾಡುವ ಅನ್‌ಡೀಚಿ ಎಂಬ ಲೈಬ್ರರಿಯ ಹೆಸರಿಗೆ ಇಟಾಲಿಯನ್ ಭಾಷೆಯಲ್ಲಿ ಹನ್ನೊಂದು ಎಂದರ್ಥ, ಎಚ್‌ಟಿಟಿಪಿ 1.1ರ ಎರಡು ಒಂದುಗಳಿಂದ ಬಂದ ಹೆಸರು ಅದು.

ಹಗುರವಾದ ಲೈಬ್ರರಿ ಎಂದರೆ ಅದು ಮಾಡದೆ ಬಿಡುವ ಕೆಲಸಗಳು ನಮ್ಮ ತಲೆಯ ಮೇಲೆ ಬರುತ್ತವೆ ಎಂದು ನನಗೆ ತಿಳಿಯುತ್ತಾ ಹೋದದ್ದು ಒಂದೊಂದೇ ಪೆಟ್ಟಿನಿಂದ. ಮೊದಲನೆಯದು ಸ್ಟೇಟಸ್ ಕೋಡಿನದು, ಅಂದರೆ ರಿಕ್ವೆಸ್ಟ್ ಏನಾಯಿತೆಂದು ಸರ್ವರ್ ಹೇಳುವ ಮೂರಂಕಿಯ ಸಂಖ್ಯೆಯದು. ಸರ್ವರ್ 404 (ಸಿಗಲಿಲ್ಲ) ಎಂದರೂ 503 (ಸದ್ಯ ಸೇವೆಯಿಲ್ಲ) ಎಂದರೂ ಫೆಚ್‌ಗೆ ಅದು ದೋಷವಲ್ಲ, ಉತ್ತರ ಬಂದಿತು ಎಂಬುದಷ್ಟೇ ಅದರ ಲೆಕ್ಕ. ಉತ್ತರದ 'ಓಕೆ' ಎಂಬ ಗುಣವನ್ನು ನಾವೇ ಪರೀಕ್ಷಿಸಬೇಕು. ಆಕ್ಸಿಯೋಸ್‌ನಂಥ ಲೈಬ್ರರಿಗಳು 200ರ ಸಾಲಿನ ಆಚೆಗಿನ ಕೋಡುಗಳಿಗೆ ತಾವಾಗಿಯೇ ದೋಷ ಎಸೆಯುವುದರಿಂದ, ಅಲ್ಲಿಂದ ಇಲ್ಲಿಗೆ ಬಂದವರು ಇದನ್ನು ಸುಲಭವಾಗಿ ಮರೆಯುತ್ತಾರೆ. ಒಂದು ಮಧ್ಯಾಹ್ನ ಸರ್ವರ್ ದುರಸ್ತಿಯಲ್ಲಿದ್ದಾಗ ಬಂದ 503ರ ಪುಟವನ್ನೇ ರಸೀದಿಯೆಂದು ನಂಬಿ ನಮ್ಮ ಪ್ರೋಗ್ರಾಂ ಒಂಬತ್ತು ಚೀಟಿಗಳ ಮೇಲೆ 'ತಲುಪಿದೆ' ಎಂದು ಗುರುತು ಹಾಕಿತ್ತು. ಕಾಗದದ ಪ್ರತಿಗಳಿದ್ದುದರಿಂದ ಅವನ್ನು ಮರಳಿ ನಮೂದಿಸಿದೆವು.

ಎರಡನೆಯದು ಕಾಯುವ ಅವಧಿಯದು. ನೋಡ್-ಫೆಚ್‌ನ ಎರಡನೇ ಆವೃತ್ತಿಯಲ್ಲಿ ಟೈಮ್‌ಔಟ್ ಎಂಬ ಆಯ್ಕೆ ಇತ್ತು, ಆದರೆ ಅದರ ಮೂಲ ಬೆಲೆ ಸೊನ್ನೆ. ಅಂದರೆ ಲೈಬ್ರರಿಯ ಕಡೆಯಿಂದ ಮಿತಿಯೇ ಇಲ್ಲ. ದಾರಿಯ ಮಧ್ಯದ ಯಾವುದೋ ಉಪಕರಣಕ್ಕೆ ಕರೆಂಟ್ ಹೋಗಿ ಸಂಪರ್ಕ ತುಂಡಾದರೆ, ತುಂಡಾಯಿತೆಂದು ನಮ್ಮ ಕಡೆಗೆ ತಿಳಿಸುವವರು ಯಾರೂ ಇರುವುದಿಲ್ಲ. ಒಂದು ಚೀಟಿ ಹೀಗೆ ಕಾದು ಕುಳಿತರೆ ಅದರ ಬೆನ್ನಿಗಿರುವ ಚೀಟಿಗಳೆಲ್ಲ ಸಾಲಿನಲ್ಲಿ ನಿಲ್ಲುತ್ತವೆ. ಅನ್‌ಡೀಚಿಯಲ್ಲಿ ಉತ್ತರದ ಹೆಡರ್‌ಗಳಿಗೆ (ಉತ್ತರದ ಮುಂದೆ ಬರುವ ವಿವರಗಳಿಗೆ) ಕಾಯುವ ಮೂಲ ಮಿತಿ 300 ಸೆಕೆಂಡು. ಕೌಂಟರಿನ ಮುಂದೆ ಜನ ನಿಂತಿರುವಾಗ ಐದು ನಿಮಿಷವೂ ದೀರ್ಘವೇ. ಆದ್ದರಿಂದ ಪ್ರತಿ ರಿಕ್ವೆಸ್ಟಿಗೂ, ಅದನ್ನು ನಡುವೆಯೇ ರದ್ದುಮಾಡುವ ಅಬಾರ್ಟ್‌ಸಿಗ್ನಲ್‌ನ ಟೈಮ್‌ಔಟ್ ಕಟ್ಟಿ, ಐದು ಸೆಕೆಂಡಿಗೆ ಕೈಬಿಟ್ಟು ಮತ್ತೆ ಕಳುಹಿಸುವ ಹಾಗೆ ಬರೆದೆ.

ಆ ಐದು ಸೆಕೆಂಡಿನ ಮಿತಿಯೂ, ಅದರ ಬೆನ್ನಿಗಿದ್ದ ಮರುಪ್ರಯತ್ನವೂ ಸೇರಿ ಹದಿನೆಂಟನೆಯ ಚೀಲವನ್ನು ಹುಟ್ಟಿಸಿದವು. ಬೇಸಿಗೆಯಲ್ಲಿ ಅರ್ಧ ಸೆಕೆಂಡಿನಲ್ಲಿ ಉತ್ತರ ತರುತ್ತಿದ್ದ ಸಂಪರ್ಕ, ಜುಲೈನಲ್ಲಿ ಎಂಟು ಒಂಬತ್ತು ಸೆಕೆಂಡು ತೆಗೆದುಕೊಳ್ಳುವುದು ಶಾಖೆಯವರಿಗೆ ಗೊತ್ತಿದ್ದ ಸಂಗತಿ. ಶಿವಮೊಗ್ಗದ ಕಚೇರಿಯಲ್ಲಿ ಕುಳಿತು ಮಿತಿ ಗೊತ್ತುಮಾಡಿದ ನಾನು ಅವರನ್ನು ಕೇಳಿರಲಿಲ್ಲ.

ಇಲ್ಲಿ ಸೂಕ್ಷ್ಮವಾಗಿ ನೋಡಬೇಕಾದ ಒಂದು ಭೇದವಿದೆ. ಫೆಚ್ ವಿಫಲವಾದಾಗ ಮೇಲ್ನೋಟಕ್ಕೆ ಸಿಗುವುದು 'ಫೆಚ್ ಫೇಲ್ಡ್' ಎಂಬ ಎರಡೇ ಪದ. ನಿಜವಾದ ಕಾರಣ ಆ ದೋಷದೊಳಗಿನ 'ಕಾಸ್' ಎಂಬ ಗುಣದಲ್ಲಿ ಇರುತ್ತದೆ. ಅಲ್ಲಿ ವಿಳಾಸವೇ ಸಿಗಲಿಲ್ಲ ಎನ್ನುವ ಇ-ನಾಟ್‌ಫೌಂಡ್ ಇದ್ದರೆ, ಅಥವಾ ಸಂಪರ್ಕವನ್ನೇ ಕೊಡಲಿಲ್ಲ ಎನ್ನುವ ಇ-ಕಾನ್‌ರಿಫ್ಯೂಸ್ಡ್ ಇದ್ದರೆ, ಚೀಟಿ ನಮ್ಮ ಅಂಗಳವನ್ನೇ ದಾಟಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಆದರೆ ಸಂಪರ್ಕ ನಡುವೆ ಕಡಿಯಿತು ಎನ್ನುವ ಇ-ಕಾನ್‌ರೀಸೆಟ್ ಬಂದಾಗಲೂ, ನಾವೇ ಹಾಕಿದ ಟೈಮ್‌ಔಟ್ ಮುಗಿದಾಗಲೂ, ಚೀಟಿ ದಾಖಲಾಗಿದೆಯೋ ಇಲ್ಲವೋ ಎಂಬುದು ಕಳುಹಿಸಿದವರಿಗೆ ತಿಳಿಯುವ ದಾರಿಯೇ ಇಲ್ಲ. ಟೈಮ್‌ಔಟ್ ಎಂದರೆ ನಾವು ಕಾಯುವುದನ್ನು ನಿಲ್ಲಿಸಿದೆವು ಎಂದಷ್ಟೇ; ಸರ್ವರ್ ತನ್ನ ಕೆಲಸವನ್ನು ನಿಲ್ಲಿಸಿತು ಎಂದಲ್ಲ. ನಾನು ಈ ಎರಡು ಗುಂಪುಗಳನ್ನು ದೋಷ ಹಿಡಿಯುವ ಒಂದೇ ಕ್ಯಾಚ್‌ನೊಳಗೆ ಹಾಕಿ, ಎರಡಕ್ಕೂ 'ಹೋಗಲಿಲ್ಲ' ಎಂದೇ ಹೆಸರಿಟ್ಟಿದ್ದೆ.

ಗಾಟ್ ಎಂಬ ಇನ್ನೊಂದು ಲೈಬ್ರರಿ ವಿಫಲವಾದ ರಿಕ್ವೆಸ್ಟನ್ನು ತಾನಾಗಿ ಎರಡು ಸಲ ಮತ್ತೆ ಪ್ರಯತ್ನಿಸುತ್ತದೆ; ಆದರೆ ಹೊಸ ಮಾಹಿತಿ ಸಲ್ಲಿಸುವ ಪೋಸ್ಟ್ ವಿಧಾನದ ರಿಕ್ವೆಸ್ಟುಗಳನ್ನು ಆ ಪಟ್ಟಿಯಿಂದ ಹೊರಗಿಟ್ಟಿದೆ. ಹಿಂದೆ ಅದರ ದಾಖಲೆ ಓದುವಾಗ ಇದೊಂದು ಕೊರತೆಯೆಂದೇ ನನಗೆ ಅನಿಸಿತ್ತು. ಎಚ್‌ಟಿಟಿಪಿ ಮಾನಕದಲ್ಲಿ ಗೆಟ್ (ತರುವುದು), ಪುಟ್ (ಇಡುವುದು), ಡಿಲೀಟ್ (ಅಳಿಸುವುದು) ಮೊದಲಾದವನ್ನು ಎಷ್ಟು ಸಲ ಕಳುಹಿಸಿದರೂ ಸರ್ವರ್‌ನ ಮೇಲೆ ಆಗಬೇಕಾದ ಪರಿಣಾಮ ಒಂದು ಸಲ ಕಳುಹಿಸಿದ್ದಕ್ಕೆ ಸಮ. ನಮ್ಮ ಚೀಟಿಗಳು ಹೋಗುತ್ತಿದ್ದ ಪೋಸ್ಟಿಗೆ ಆ ಭರವಸೆಯಿಲ್ಲ. ಲೈಬ್ರರಿ ಬರೆದವರು ಇದನ್ನು ತಿಳಿದೇ ತಡೆ ಹಾಕಿದ್ದರು. ನಾನು ಕೈಯಾರೆ ಒಂದು ಲೂಪ್ ಬರೆದು ಅವರ ಎಚ್ಚರಿಕೆಯನ್ನು ದಾಟಿ ಹೋಗಿದ್ದೆ.

ಪರಿಹಾರದ ಹಾದಿಯಲ್ಲಿಯೂ ಒಮ್ಮೆ ಎಡವಿದೆ. ಪ್ರತಿ ಚೀಟಿಗೂ ಒಂದು ವಿಶಿಷ್ಟ ಗುರುತು ಕೊಟ್ಟು, ಅದೇ ಗುರುತು ಎರಡನೇ ಸಲ ಬಂದರೆ ಸರ್ವರ್ ಗುರುತಿಸಲಿ ಎಂದು ಯೋಚಿಸಿ, ನೋಡ್‌ನ ಕ್ರಿಪ್ಟೋ ವಿಭಾಗದಲ್ಲಿ ಸಿದ್ಧವಾಗಿಯೇ ಇರುವ, ಪ್ರತಿ ಸಲ ಬೇರೆಯದೇ ಉದ್ದ ಗುರುತು ಹುಟ್ಟಿಸುವ ರ್‍ಯಾಂಡಮ್ ಯುಯುಐಡಿಯನ್ನು ಬಳಸಿದೆ. ಆದರೆ ಆ ಸಾಲನ್ನು ಬರೆದದ್ದು ಕಳುಹಿಸುವ ಫಂಕ್ಷನ್ನಿನ ಒಳಗೆ. ಮರುಪ್ರಯತ್ನವೂ ಅದೇ ಫಂಕ್ಷನ್ನನ್ನು ಕರೆಯುತ್ತಿದ್ದುದರಿಂದ ಪ್ರತಿ ಸಲವೂ ಹೊಸ ಗುರುತು ಹುಟ್ಟುತ್ತಿತ್ತು, ಸರ್ವರ್‌ಗೆ ಪ್ರತಿ ಪ್ರಯತ್ನವೂ ಹೊಸ ಚೀಲವಾಗಿಯೇ ಕಾಣುತ್ತಿತ್ತು. ಸಹೋದ್ಯೋಗಿಯೊಬ್ಬರು ನನ್ನ ಪಕ್ಕದಲ್ಲಿ ಕುಳಿತು ಓದುತ್ತಾ, "ಈ ನಂಬರ್ ಚೀಲದ್ದಾ, ಪ್ರಯತ್ನದ್ದಾ ಸರ್?" ಎಂದು ಕೇಳಿದಾಗ ದೋಷ ಕಣ್ಣಿಗೆ ಬಿತ್ತು. ಗುರುತು ಚೀಲದ್ದು. ಅದು ತೂಕ ನಿಂತ ಕ್ಷಣದಲ್ಲಿ ಹುಟ್ಟಬೇಕು, ಕಂಪ್ಯೂಟರ್ ಆರಿ ಹೊತ್ತಿದರೂ ಬದಲಾಗಬಾರದು.

ಈಗಿನ ವ್ಯವಸ್ಥೆಯಲ್ಲಿ ತೂಕ ನಿಂತ ಕೂಡಲೇ ಚೀಟಿಯನ್ನು ಅದರ ಗುರುತಿನೊಂದಿಗೆ ಶಾಖೆಯ ಕಂಪ್ಯೂಟರಿನಲ್ಲಿಯೇ ಇರುವ ಒಂದು ಎಸ್‌ಕ್ಯೂಲೈಟ್ (ಒಂದೇ ಕಡತದಲ್ಲಿರುವ ಪುಟ್ಟ ಡೇಟಾಬೇಸ್) ಕಡತಕ್ಕೆ ಬರೆಯುತ್ತೇವೆ. ಬೆಳೆಗಾರರಿಗೆ ಅಚ್ಚಾದ ಚೀಟಿ ಸಿಗುವುದು ಈ ಬರಹದ ಬಲದ ಮೇಲೆಯೇ ಹೊರತು, ನೆಟ್‌ವರ್ಕ್ ಇದೆಯೋ ಇಲ್ಲವೋ ಎಂಬುದರ ಮೇಲಲ್ಲ. ಕಳುಹಿಸುವ ಕೆಲಸ ಹಿನ್ನೆಲೆಯಲ್ಲಿ ಬೇರೆಯಾಗಿ ನಡೆಯುತ್ತದೆ. ರಿಕ್ವೆಸ್ಟನ್ನು ಪೋಸ್ಟ್‌ನಿಂದ ಪುಟ್‌ಗೆ ಬದಲಿಸಿ, ಚೀಟಿಯ ಗುರುತನ್ನು ವಿಳಾಸದ ಭಾಗವಾಗಿಯೇ ಮಾಡಿದೆವು. ಸರ್ವರ್‌ನಲ್ಲಿ ಮೊದಲು 'ಈ ಗುರುತು ಇದೆಯೇ' ಎಂದು ಹುಡುಕಿ ಅನಂತರ ಬರೆಯುವ ಕ್ರಮ ಸಾಲದು, ಏಕೆಂದರೆ ಒಂದೇ ಚೀಟಿಯ ಎರಡು ರಿಕ್ವೆಸ್ಟುಗಳು ಹೆಚ್ಚುಕಡಿಮೆ ಒಟ್ಟಿಗೇ ಬಂದರೆ ಎರಡೂ 'ಇಲ್ಲ' ಎಂಬ ಉತ್ತರ ಪಡೆದು ಎರಡೂ ಬರೆದುಬಿಡುತ್ತವೆ. ಆದ್ದರಿಂದ ಗುರುತಿನ ಕಾಲಮ್ಮಿಗೆ ಡೇಟಾಬೇಸಿನಲ್ಲಿಯೇ, ಒಂದೇ ಗುರುತು ಎರಡು ಸಲ ಸೇರದಂತೆ ತಡೆಯುವ ಯೂನಿಕ್ ನಿಬಂಧನೆ ಹಾಕಿದ್ದೇವೆ. ಎರಡನೆಯದು ಬಂದಾಗ ಸರ್ವರ್ ಅದನ್ನು ದೋಷವೆಂದು ಗದರದೆ, ಮೊದಲ ಸಲ ಕೊಟ್ಟ ರಸೀದಿಯನ್ನೇ ಮತ್ತೆ ಕೊಡುತ್ತದೆ.

ಕಾಯುವ ಮಿತಿಯನ್ನು 20 ಸೆಕೆಂಡಿಗೆ ಏರಿಸಿದೆವು. ಮರುಪ್ರಯತ್ನಗಳ ನಡುವಿನ ಅಂತರ ಎರಡು, ನಾಲ್ಕು, ಎಂಟು ಸೆಕೆಂಡು ಹೀಗೆ ದುಪ್ಪಟ್ಟಾಗುತ್ತಾ ಐದು ನಿಮಿಷಕ್ಕೆ ನಿಲ್ಲುತ್ತದೆ. ಅದಕ್ಕೆ ಸ್ವಲ್ಪ ಯಾದೃಚ್ಛಿಕ ಏರುಪೇರನ್ನೂ ಸೇರಿಸಿದ್ದೇವೆ, ಏಕೆಂದರೆ ಒಂದು ದೊಡ್ಡ ಮಳೆ ನಿಂತು ನಾಲ್ಕಾರು ಶಾಖೆಗಳಿಗೆ ಒಟ್ಟಿಗೆ ಸಂಪರ್ಕ ಮರಳಿದಾಗ, ಅವೆಲ್ಲ ಒಂದೇ ತಾಳದಲ್ಲಿ ಸರ್ವರ್‌ನ ಬಾಗಿಲು ಬಡಿಯಬಾರದು. ರಿಕ್ವೆಸ್ಟುಗಳು ಅತಿಯಾದವು ಎನ್ನುವ 429 ಅಥವಾ 503 ಬಂದು ಅದರೊಡನೆ ರಿಟ್ರೈ-ಆಫ್ಟರ್ ಎಂಬ ಹೆಡರ್ ಇದ್ದರೆ ಅದು ಹೇಳಿದಷ್ಟು ಹೊತ್ತು ಕಾಯುತ್ತೇವೆ. 400 ಬಂದರೆ ಚೀಟಿಯಲ್ಲಿಯೇ ತಪ್ಪಿದೆಯೆಂದು ಅರ್ಥ, ಅದನ್ನು ಸಾವಿರ ಸಲ ಕಳುಹಿಸಿದರೂ ಸರಿಯಾಗುವುದಿಲ್ಲ. ಅಂಥವು ಗುಮಾಸ್ತರ ಪರದೆಯ ಮೇಲೆ ಬೇರೆಯಾಗಿ ನಿಲ್ಲುತ್ತವೆ.

ಇದರ ನಡುವೆ ಇನ್ನೊಂದು ತೊಡಕು ಎದುರಾಯಿತು. ನೆಟ್‌ವರ್ಕ್ ಪೂರ್ತಿ ಹೋಗದೆ ಕುಂಟುತ್ತಿದ್ದಾಗ ಎಸ್‌ಕ್ಯೂಲೈಟ್ ಕಡತಕ್ಕೆ ಬರೆಯುವುದೂ ತಡವಾಗುತ್ತಿತ್ತು, ನೆಟ್‌ವರ್ಕಿಗೂ ಡಿಸ್ಕಿಗೂ ಏನು ಸಂಬಂಧವೆಂದು ನಾವು ಎರಡು ದಿನ ತಲೆ ಕೆಡಿಸಿಕೊಂಡೆವು. ಸರ್ವರ್‌ನ ಹೆಸರನ್ನು ವಿಳಾಸವಾಗಿಸುವ ನೋಡ್‌ನ ಸಾಮಾನ್ಯ ವಿಧಾನ ಅದರೊಳಗಿನ ಲಿಬ್‌ಯುವಿ ಎಂಬ ಲೈಬ್ರರಿಯ ಥ್ರೆಡ್‌ಪೂಲ್ (ಹಿನ್ನೆಲೆ ಕೆಲಸ ಮಾಡುವ ಥ್ರೆಡ್‌ಗಳ ಗುಂಪು) ಬಳಸುತ್ತದೆ, ಅದರಲ್ಲಿ ಮೂಲತಃ ಇರುವುದು ನಾಲ್ಕೇ ಥ್ರೆಡ್‌ಗಳು, ಕಡತಗಳ ಕೆಲಸವೂ ಅದೇ ನಾಲ್ಕರ ಪಾಲು. ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನ ಉತ್ತರಕ್ಕಾಗಿ ಅವುಗಳಲ್ಲಿ ಕೆಲವು ಕಾದು ಕುಳಿತರೆ ಡಿಸ್ಕಿನ ಕೆಲಸಕ್ಕೆ ಉಳಿಯುವ ಥ್ರೆಡ್‌ಗಳು ಕಡಿಮೆಯಾಗುತ್ತವೆ. ನಮ್ಮ ಟೈಮ್‌ಔಟ್ ರಿಕ್ವೆಸ್ಟನ್ನು ಕೈಬಿಟ್ಟರೂ, ಆಗಲೇ ಹೊರಟ ಹೆಸರಿನ ಹುಡುಕಾಟ ಥ್ರೆಡ್ಡನ್ನು ಹಿಡಿದೇ ಇರುತ್ತದೆ. ಏಕಕಾಲಕ್ಕೆ ಒಂದೇ ಚೀಟಿ ಕಳುಹಿಸುವಂತೆಯೂ, ಸಂಪರ್ಕವನ್ನು ಮುಚ್ಚದೆ ಮರುಬಳಸುವಂತೆಯೂ ಮಾಡಿದ ಮೇಲೆ ಆ ತೊಂದರೆ ತಗ್ಗಿತು.

ಹದಿನೆಂಟನೆಯ ಚೀಲದ ಸಾಲನ್ನು ಅಳಿಸಿ ಆ ಬೆಳೆಗಾರರಿಗೆ ಹೊಸ ಹಾಳೆ ಕೊಟ್ಟೆವು. ಹಿಂದಿನ ತಿಂಗಳುಗಳ ದಾಖಲೆಯಲ್ಲಿ, ಒಂದೇ ಖಾತೆಗೆ ಒಂದೇ ತೂಕದ ಎರಡು ಚೀಟಿಗಳು ಅರ್ಧ ನಿಮಿಷದೊಳಗೆ ಬಂದಿರುವುದನ್ನೆಲ್ಲ ಹುಡುಕಿ, ಶಾಖೆಗಳ ಕಾಗದದ ಪ್ರತಿಗಳೊಡನೆ ಒಂದೊಂದಾಗಿ ತಾಳೆ ನೋಡಿದೆವು. ಆ ಹುಡುಕಾಟದಲ್ಲಿ ಸಿಕ್ಕ ಒಂದು ಜೋಡಿಗೆ ಮಾತ್ರ ನೆಟ್‌ವರ್ಕ್ ಕಾರಣವಾಗಿರಲಿಲ್ಲ: ಪರದೆ ತಡವಾಗಿ ಬದಲಾದದ್ದರಿಂದ ಗುಮಾಸ್ತರು ಗುಂಡಿಯನ್ನೇ ಎರಡು ಸಲ ಒತ್ತಿದ್ದರು. ಅಂಥಲ್ಲಿ ಎರಡು ಗುರುತುಗಳು ನಿಜವಾಗಿಯೇ ಹುಟ್ಟುತ್ತವೆ, ಯಾವ ಎಚ್‌ಟಿಟಿಪಿ ಎಚ್ಚರಿಕೆಯೂ ಅದನ್ನು ಹಿಡಿಯಲಾರದು. ಅದಕ್ಕಾಗಿ, ಚೀಲ ಇಳಿದು ತೂಕದ ಯಂತ್ರ ಸೊನ್ನೆ ತೋರಿಸುವ ತನಕ ಮುಂದಿನ ಚೀಟಿ ಹುಟ್ಟದಂತೆ ತೂಕ ಓದುವ ಭಾಗದಲ್ಲಿಯೇ ತಡೆ ಹಾಕಿದ್ದೇವೆ.