ಗೇರ್ ಪೊಸಿಷನ್ ಸೆನ್ಸರ್ ಬದಲಿಸುವ ಮೊದಲು ಮಲ್ಟಿಮೀಟರ್ ಹಿಡಿಯಿರಿ

ಡಿಸ್‌ಪ್ಲೇನಲ್ಲಿ ಗೇರ್ ಅಂಕಿ ಬರುತ್ತಿಲ್ಲ, ಮೂರನೇ ಗೇರಿನಲ್ಲಿ ಹೋಗುವಾಗಲೂ ನ್ಯೂಟ್ರಲ್ ಲೈಟು ಮಿನುಗುತ್ತದೆ, ನ್ಯೂಟ್ರಲ್ಲಿನಲ್ಲೇ ಸೈಡ್ ಸ್ಟ್ಯಾಂಡ್ ಹಾಕಿದರೂ ಎಂಜಿನ್ ಆಫ್ ಆಗುತ್ತದೆ. ಇದರಲ್ಲಿ ಯಾವುದು ಹೇಳಿದರೂ ಗ್ಯಾರೇಜಿನಲ್ಲಿ ಸಿಗುವ ಉತ್ತರ ಒಂದೇ: ಬೈಕ್ ಯಾವ ಗೇರಿನಲ್ಲಿದೆ ಎಂದು ತಿಳಿಸುವ ಗೇರ್ ಪೊಸಿಷನ್ ಸೆನ್ಸರ್ ಹೋಗಿದೆ. ಅಳೆದು ನೋಡದೆ ಈ ಮಾತು ಒಪ್ಪಬೇಡಿ. ಎಷ್ಟೋ ಸಲ ಸೆನ್ಸರ್ ಚೆನ್ನಾಗಿಯೇ ಇರುತ್ತದೆ, ಕೈಕೊಟ್ಟಿರುವುದು ವೈರು ಅಥವಾ ಕೊಳೆ ಹಿಡಿದ ಪಿನ್ನು.

ಉದಾಹರಣೆಗೆ ಸುಜುಕಿಯ ವಿ-ಸ್ಟ್ರಾಮ್ 650 ಬೈಕ್ ತೆಗೆದುಕೊಳ್ಳೋಣ. ಸೆನ್ಸರ್ ಇರುವುದು ಎಂಜಿನ್ನಿನ ಎಡಗಡೆ, ಮುಂದಿನ ಸ್ಪ್ರಾಕೆಟ್ ಕವರಿನ ಹಿಂದೆ, ಶಿಫ್ಟ್ ಡ್ರಮ್ಮಿನ (ಗೇರ್ ಬದಲಿಸಿದಾಗ ತಿರುಗುವ ಉರುಳೆ) ತುದಿಗೆ. ಒಂದೊಂದು ಗೇರಿಗೂ ಒಂದೊಂದು ರೆಸಿಸ್ಟರ್. ಗೇರ್ ಏರಿದಂತೆ ರೆಸಿಸ್ಟನ್ಸ್ ಏರುತ್ತದೆ, ಗೇರ್ ಸಿಗ್ನಲ್ ಒಯ್ಯುವ ಗುಲಾಬಿ ವೈರಿನ ವೋಲ್ಟೇಜೂ ಏರುತ್ತದೆ. ನೀಲಿ ವೈರು ನ್ಯೂಟ್ರಲ್ಲಿಗೆ, ಬಿಳಿ ಗೆರೆಯ ಕಪ್ಪು ವೈರು ಅರ್ತ್.

ಮೊದಲು ಬ್ಯಾಟರಿ ನೋಡಿ. 12.4 ವೋಲ್ಟಿಗಿಂತ ಕಡಿಮೆ ಇದ್ದರೆ ಚಾರ್ಜ್ ಮಾಡಿ. ಪ್ಯಾಡಾಕ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಎತ್ತಿ. ಇಗ್ನಿಷನ್ ಆನ್, ಎಂಜಿನ್ ಆಫ್. ಕನೆಕ್ಟರ್ ಬಿಚ್ಚದೆ, ಹಿಂಬದಿಯಿಂದ ತೆಳುವಾದ ಪಿನ್ ತೂರಿಸಿ, ಮೀಟರನ್ನು ಡಿಸಿ 20 ವೋಲ್ಟ್ ರೇಂಜಿಗಿಟ್ಟು ಗುಲಾಬಿ ಮತ್ತು ಅರ್ತ್ ವೈರಿನ ನಡುವೆ ಅಳೆಯಿರಿ. ಚಕ್ರ ಕೈಯಲ್ಲಿ ತಿರುಗಿಸುತ್ತಾ 1ರಿಂದ 6ರವರೆಗೆ ಗೇರ್ ಹಾಕಿ, ಪ್ರತಿಯೊಂದನ್ನೂ ಬರೆದುಕೊಳ್ಳಿ. ಎಲ್ಲ ಗೇರಿನಲ್ಲೂ 0.6 ವೋಲ್ಟಿಗಿಂತ ಹೆಚ್ಚಿರಬೇಕು, ಮೆಟ್ಟಿಲು ಮೆಟ್ಟಿಲಾಗಿ ಏರಬೇಕು, ಅಂಕಿ ನಡುಗಬಾರದು.

ಇಲ್ಲೇ ಹೆಚ್ಚಿನವರು ಎಡವುವುದು. ವೋಲ್ಟೇಜ್ 0.6ಕ್ಕಿಂತ ಕೆಳಗಿಳಿದಾಗ ಮಾತ್ರ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) C31 ಎಂಬ ದೋಷದ ಕೋಡ್ ಕೊಡುತ್ತದೆ. ಅಂದರೆ ವೈರು ಬಾಡಿಗೆ ತಾಗಿ ಶಾರ್ಟ್ ಆದರೆ ಕೋಡ್ ಬರುತ್ತದೆ. ಪಿನ್ನಿಗೆ ಕೊಳೆ ಹಿಡಿದು ಕಾಂಟ್ಯಾಕ್ಟ್ ಬಿಟ್ಟರೆ ವೋಲ್ಟೇಜ್ ಇಳಿಯುವುದಿಲ್ಲ, ತಟ್ಟನೆ 5 ವೋಲ್ಟಿನ ಹತ್ತಿರಕ್ಕೆ ಏರುತ್ತದೆ. ಕೋಡ್ ಇಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಎಂದಲ್ಲ.

ಅರ್ತ್ ವೈರನ್ನು ಅಳೆಯದೆ ಬಿಡಬೇಡಿ. ಬ್ಯಾಟರಿ ಮೈನಸ್ ಮತ್ತು ಅರ್ತ್ ವೈರಿನ ನಡುವೆ 0.1 ವೋಲ್ಟಿಗಿಂತ ಹೆಚ್ಚು ಕಂಡರೆ ಆ ಜಾಯಿಂಟು ಸರಿಮಾಡಿ. ಆಮೇಲೆ ವೈರಿನ ಕಟ್ಟನ್ನು ಅಲುಗಾಡಿಸಿ. ಅಂಕಿ ಹಾರಿದರೆ ತುಂಡಾಗಿರುವುದು ಅಲ್ಲೇ. ಎಂಜಿನ್ ಬಿಸಿಯಾದಾಗ ಮಾತ್ರ ತೊಂದರೆ ಇದ್ದರೆ, ಬಿಸಿಯಲ್ಲೇ ಇನ್ನೊಮ್ಮೆ ಅಳೆಯಬೇಕು.

ಸೆನ್ಸರ್ ಬಿಚ್ಚಲೇಬೇಕಾದರೆ ಮೊದಲು ಸುತ್ತ ಗಟ್ಟಿಯಾದ ಚೈನ್ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆಯಿರಿ, ಮಣ್ಣು ಗೇರ್‌ಬಾಕ್ಸಿಗೆ ಹೋಗಬಾರದು. ಬೈಕ್ ನೆಟ್ಟಗಿರಲಿ, ಸೈಡ್ ಸ್ಟ್ಯಾಂಡಿನಲ್ಲಿ ಎಡಕ್ಕೆ ವಾಲಿದ್ದರೆ ಎಂಜಿನ್ ಆಯಿಲ್ ಸುರಿಯುತ್ತದೆ. ಎರಡು ಸ್ಕ್ರೂ ತೆಗೆದು ಸೆನ್ಸರನ್ನು ನೇರವಾಗಿ ಎಳೆಯಿರಿ, ಕೆಳಗೆ ಬಟ್ಟೆ ಹಿಡಿದಿರಿ. ಡ್ರಮ್ಮಿನಲ್ಲಿರುವ ಪುಟ್ಟ ಪಿನ್ನುಗಳನ್ನು ಸ್ಪ್ರಿಂಗ್ ಹೊರಗೆ ಎಗರಿಸುತ್ತದೆ. ಪಿನ್ನನ್ನು ಬೆರಳಲ್ಲಿ ಒತ್ತಿದರೆ ಸಲೀಸಾಗಿ ಒಳಹೋಗಿ ವಾಪಸ್ ಬರಬೇಕು. ಕಾಂಟ್ಯಾಕ್ಟ್ ಕ್ಲೀನರ್ ಸಾಕು, ಉಪ್ಪುಕಾಗದ ಬೇಡ. ಸೆನ್ಸರಿನ ತಾಮ್ರದ ಪಟ್ಟಿಯಲ್ಲಿ ಉಗುರಿಗೆ ತಾಗುವಷ್ಟು ಗೆರೆ ಬಿದ್ದಿದ್ದರೆ ಮಾತ್ರ ಹೊಸದು ತನ್ನಿ. ಓ-ರಿಂಗ್ ಹೇಗೂ ಹೊಸದೇ ಹಾಕಿ. ಸ್ಕ್ರೂ ಕೂರುವುದು ಅಲ್ಯೂಮಿನಿಯಮ್ಮಿನಲ್ಲಿ, ಬಲ ಹಾಕಿದರೆ ಮರೆ (ಥ್ರೆಡ್) ಹೋಗುತ್ತದೆ.

ಇಷ್ಟಾದ ಮೇಲೂ ಒಂದೇ ಗೇರಿನಲ್ಲಿ ಅಂಕಿ ತಪ್ಪಿದರೆ, ಪೆಡಲ್ ಒತ್ತಿ ಹಿಡಿದಾಗ ಮಾತ್ರ ಸರಿಯಾದರೆ, ಡ್ರಮ್ ಪೂರ್ತಿ ತಿರುಗುತ್ತಿಲ್ಲ ಎಂದರ್ಥ. ಆಗ ನೋಡಬೇಕಾದದ್ದು ಶಿಫ್ಟ್ ಲಿಂಕೇಜ್ ಮತ್ತು ಗೇರ್‌ಬಾಕ್ಸ್.